ಎಡಕ್ಕೆ ವಾಲಿದ ಮೋಟಾರು

ವಯಸ್ಸಾಗುವುದರಲ್ಲಿ ಒಂದು ಸುಖವಿದೆ. ಯಾವ ಭಾಗ ಮೊದಲು ಕೈಕೊಡುತ್ತದೆ ಎಂಬ ಕುತೂಹಲ ಕೊನೆಯವರೆಗೂ ಉಳಿದಿರುತ್ತದೆ. ನನ್ನ ಓರಗೆಯ ಹೆಂಗಸರಿಗೆ ಮೊದಲು ಮಂಡಿ ಹೋಯಿತು, ಆಮೇಲೆ ಹಲ್ಲು, ಆಮೇಲೆ ಸೊಸೆಯ ಮೇಲಿನ ಹಿಡಿತ. ನಮ್ಮ ಮನೆಯಲ್ಲಿ ಮಾತ್ರ ಮೊದಲು ಹೋದದ್ದು ಮೋಟಾರಿನ ಎಡಗಡೆಯ ಕಮಾನು. ಕಮಾನೆಂದರೆ ಒಂದರ ಮೇಲೊಂದು ಪೇರಿಸಿ ಬಿಗಿದ ಉಕ್ಕಿನ ಪಟ್ಟಿಗಳು. ಕೂರುವವರಿಗೂ ಚಕ್ರಕ್ಕೂ ನಡುವೆ ಬಿಲ್ಲಿನಂತೆ ಬಾಗಿ ನಿಂತು, ಗುಂಡಿಯ ಏಟನ್ನೆಲ್ಲ ತಾವೇ ನುಂಗಿಕೊಳ್ಳುವ ಸಾಧುಪ್ರಾಣಿಗಳು. ನಮ್ಮದು ನುಂಗಿ ನುಂಗಿ ಸಾಕಾಗಿ ಕೂತುಬಿಟ್ಟಿತ್ತು. ಅದನ್ನು ಬದಲಾಯಿಸಬೇಕೋ ಬೇಡವೋ ಎಂಬ ವಿಚಾರಣೆ ನಮ್ಮ ಜಗುಲಿಯ ಮೇಲೆ ಒಂದು ಬೇಸಿಗೆಯಿಡೀ ನಡೆಯಿತು. ನಿಮ್ಮಲ್ಲಿ ಮಾತ್ರ ಹೇಳುತ್ತೇನೆ, ಅದು ರಿಪೇರಿಯಾಗುವುದು ನನಗೆ ಸುತರಾಂ ಬೇಡವಾಗಿತ್ತು.

ಮೋಟಾರಿನ ಪರಿಚಯ ಮೊದಲು ಆಗಲಿ. ನಮ್ಮ ಯಜಮಾನರು ಮುನ್ಸೀಫರಾಗಿ ಪೆನ್ಷನ್ ಪಡೆದ ವರ್ಷ, ಬಳ್ಳಾರಿ ದಂಡಿನ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟು ನಿಂತಿದ್ದ. ಅವನ ಬಳಿ ಕೆಂಪು ಬಣ್ಣದ, ಉದ್ದ ಮೂಗಿನ, ಎರಡೇ ಸೀಟಿನ ಸ್ಪೋರ್ಟಿಂಗ್ ಕಾರಿತ್ತು. ಅದರಲ್ಲಿ ರೇಸು ಗೆದ್ದು ಬೆಳ್ಳಿಯ ಕಪ್ಪು ಸಂಪಾದಿಸಿದ್ದನಂತೆ. ಕಪ್ಪನ್ನು ಹಡಗಿಗೆ ಹಾಕಿಕೊಂಡ, ಕಾರನ್ನು ನಮಗೆ ಹಾಕಿದ. ಜೀವಮಾನವಿಡೀ ಒಂದು ಕೇಸನ್ನೂ ಅವಸರದಲ್ಲಿ ಮುಗಿಸದ ಮನುಷ್ಯ ರೇಸಿನ ಕಾರು ಕೊಂಡರೆ ಏನಾಗಬೇಕು? ಅದು ಮೊಳಕಾಲ್ಮುರಿಗೆ ಬಂದು ತಾಳ್ಮೆ ಕಲಿಯಿತು. ನಮ್ಮದು ನೇಕಾರರ ಬೀದಿ. ಬೆಳಿಗ್ಗೆ ಆ ತುದಿಯಿಂದ ಈ ತುದಿಗೆ ರೇಷ್ಮೆಯ ಹಾಸು ಎಳೆದು ಕಟ್ಟಿ, ಎಳೆ ಎಳೆ ಬಿಡಿಸಿ, ಗಂಜಿ ಹಚ್ಚಿ ಒಣಗಿಸುತ್ತಾರೆ. ಅದನ್ನು ಸುತ್ತಿ ಒಳಗೆ ಒಯ್ಯುವ ತನಕ ದಿವಾನರೇ ಬಂದರೂ ದಾರಿಯಿಲ್ಲ. ಗಾಳಿಯ ವೇಗದಲ್ಲಿ ಓಡಲೆಂದು ಹುಟ್ಟಿದ ಆ ಬಡಪಾಯಿ ದಿನವೂ ನಮ್ಮ ಬಾಗಿಲಲ್ಲಿ ಮೂಗು ಚಾಚಿಕೊಂಡು, ಎಳೆ ಒಣಗುವುದನ್ನು ನೋಡುತ್ತ ನಿಂತಿರುತ್ತಿತ್ತು. ಬೀದಿಯವರು ಅದಕ್ಕೆ ಕೆಂಪು ಮಿಡತೆ ಎಂದು ಹೆಸರಿಟ್ಟಿದ್ದರು.

ಇನ್ನು ವಾಲುವಿಕೆಯ ವಿಷಯ. ಬಳ್ಳಾರಿಯ ಕಾನ್ವೆಂಟಿನಲ್ಲಿ ನನಗೆ ಪಿಯಾನೋ ಹತ್ತಲಿಲ್ಲ, ಫ್ರೆಂಚು ಹತ್ತಲಿಲ್ಲ, ಹತ್ತಿದ್ದು ಪೋಶ್ಚರ್ ಒಂದೇ. "ಸಿಟ್ ಸ್ಟ್ರೇಟ್, ಗರ್ಲ್ಸ್!" ಎಂದು ಸಿಸ್ಟರ್ ಆಗ್ನೆಸ್ ಬೆತ್ತದ ತುದಿಯಿಂದ ಬೆನ್ನುಮೂಳೆ ಮುಟ್ಟಿ ಹೇಳುತ್ತಿದ್ದರು. ಆ ನೆಟ್ಟಗಿನ ಬೆನ್ನನ್ನೇ ಹೊತ್ತು ಮದುವೆಯಾಗಿ ಬಂದೆ. ಯಜಮಾನರದೂ ಕೋರ್ಟಿನ ಪೀಠಕ್ಕೆ ಹೊಂದಿದ ಬೆನ್ನು. ನಮ್ಮ ಕಾಲದ ಮನೆಗಳಲ್ಲಿ ಗಂಡ ಹೆಂಡತಿ ಹಗಲಿನಲ್ಲಿ ಅಕ್ಕಪಕ್ಕ ಕೂರುವುದೆಂದರೆ ಸತ್ಯನಾರಾಯಣ ಪೂಜೆಯ ಮಣೆಯ ಮೇಲೆ ಮಾತ್ರ. ಅಲ್ಲಿಯೂ ನಡುವೆ ಇನ್ನೊಂದು ಮಣೆ ಹಿಡಿಸುವಷ್ಟು ಡಿಗ್ನಿಟಿ ಇರುತ್ತಿತ್ತು. ಮೊಮ್ಮಕ್ಕಳಾಗುವ ತನಕ ಹೀಗೇ ನೆಟ್ಟಗೆ ಕಳೆಯಿತು. ಆಮೇಲೆ ಎಡಗಡೆಯ ಕಮಾನು ಕೂತಿತು. ಬಲಗಡೆ ಕೂತು ಸ್ಟಿಯರಿಂಗ್ ಹಿಡಿದವರು, ರಾಂಪುರದ ದಾರಿಯಲ್ಲಿ ಗುಂಡಿ ಬಂದಾಗಲೆಲ್ಲ ಜಾರಿಕೊಂಡು ಬಂದು ನನ್ನ ಭುಜಕ್ಕೆ ಒರಗತೊಡಗಿದರು. ಪ್ರತಿ ಸಲವೂ ಅತಿ ಗಂಭೀರವಾಗಿ "ಪಾರ್ಡನ್ ಮಿ" ಎನ್ನುವರು. ನಾನು "ನಾಟ್ ಅಟ್ ಆಲ್" ಎನ್ನುವೆ. ರಾಂಪುರದ ದಾರಿಯಲ್ಲಿ ಗುಂಡಿಗಳಿಗೆ ಬರವಿರಲಿಲ್ಲ. ಮನೆ ಸೇರುವಷ್ಟರಲ್ಲಿ ಸೊಂಟ ಹಿಡಿದುಕೊಂಡಿರುತ್ತಿತ್ತು, ಮನಸ್ಸು ಹದಿನಾರರಲ್ಲಿರುತ್ತಿತ್ತು.

ಊರಿಗೆ ಇದು ಕಂಡದ್ದು ಬೇರೆ ರೀತಿ. ಪಕ್ಕದ ಮನೆಯ ನಾಗಲಕ್ಷ್ಮಮ್ಮ ಮಗ್ಗದ ಗುಂಡಿಯಲ್ಲಿ ಕೂತಲ್ಲಿಂದಲೇ ಕಿಟಕಿಯಲ್ಲಿ ಇಡೀ ಬೀದಿಯ ಸಮಾಚಾರ ಇಟ್ಟುಕೊಂಡವಳು. ಒಂದು ದಿನ ಕೇಳಿಯೇಬಿಟ್ಟಳು.

"ಏನ್ರಮ್ಮಾ, ನಿಮ್ ಮಿಡತೆ ನಿಮ್ ಕಡೇಕೇ ವಾಲ್ತೈತಲ್ಲ? ಅಯ್ಯೋ ದೇವುಡಾ, ರಾತ್ರಿ ಹೊತ್ತಾದ್ರೂ ಮುದ್ದೆ ಬಿಟ್ಬಿಡ್ರಿ!"

"ನಾನೇನು ಮಾಡಲಿ ನಾಗಲಕ್ಷ್ಮಮ್ಮ, ಅದು ಹಳೆಯ ಉಕ್ಕು" ಎಂದೆ.

"ಉಕ್ಕು ಹಳೇದೇ. ಭಾರ ಹೊಸದೇನೋ!"

ಹೀಗೆ ಕಮಾನು ಕೂತದ್ದಕ್ಕೆ ನಾನೇ ಕಾರಣಳೆಂದು ಬೀದಿ ತೀರ್ಮಾನಿಸಿತು. ಯಜಮಾನರು ಸಭ್ಯರು, ಬಾಯಿ ಬಿಡಲಿಲ್ಲ. ಬಾಯಿ ಬಿಡದ ಸಭ್ಯತೆ ಎಷ್ಟು ಚುಚ್ಚುತ್ತದೆಂದು ಹೆಂಡತಿಯರಿಗೆ ಗೊತ್ತು.

ಕೊನೆಗೆ ಕಾರನ್ನು ಚಳ್ಳಕೆರೆಗೆ ಒಯ್ದು ಮೌಲಾಸಾಬಿಗೆ ತೋರಿಸಿದೆವು. ಅವನು ಜಟಕಾ, ಬಸ್ಸು ಎರಡಕ್ಕೂ ಒಂದೇ ಸುತ್ತಿಗೆಯಿಂದ ವೈದ್ಯ ಮಾಡುವವನು. ಕಾರಿನಡಿ ತೂರಿ ಕಾಲು ಮಾತ್ರ ಹೊರಗಿಟ್ಟುಕೊಂಡು ಹೇಳಿದ: "ಕಮಾನು ಪೂರಾ ಕೂತೈತೆ, ಸಾಹೇಬ್ರೆ. ಮದ್ರಾಸಿಂದ ಹೊಸ ಜೋಡಿ ತರಿಸ್ರಿ, ರಾಜರ ಹಂಗೆ ತೇಲ್ತೀರಿ. ಇಲ್ಲಾಂದ್ರೆ ಇದನ್ನೇ ಬಿಚ್ಚಿ, ಕಾಯಿಸಿ ಬಡಿದು, ಮ್ಯಾಲೊಂದು ಪಟ್ಟಿ ಕೂಡಿಸ್ತೀನಿ. ಎರಡು ವರ್ಷಕ್ಕೆ ಫಿಕರ್ ಇಲ್ಲ."

"ಎಡಗಡೆಯದೊಂದೇ ಹಾಕಿದರೆ?"

"ಆಗ ಬಲಕ್ಕೆ ವಾಲ್ತೈತೆ. ಆವಾಗ ಅಮ್ಮಾರು ನಿಮ್ ಮ್ಯಾಲೆ ಬೀಳ್ತಾರೆ!"

ಅದೂ ಆಗಬಹುದಿತ್ತು ಎಂದು ನನಗನಿಸಿತು. ಮದ್ರಾಸಿನ ಜೋಡಿಯ ಬೆಲೆಗೆ ಎರಡು ಒಳ್ಳೆಯ ಕರಾವಿನ ಎಮ್ಮೆ ಬರುತ್ತಿದ್ದವು. ಬಡಿಯುವ ಖರ್ಚು ಅರ್ಧ ಎಮ್ಮೆಯಷ್ಟು. ಯಜಮಾನರು ಎರಡನ್ನೂ ಕೇಸಿನಂತೆ ತೂಗಿ ನೋಡಿದರು. ಎರಡು ವರ್ಷಕ್ಕೊಮ್ಮೆ ಬಡಿಸುತ್ತ ಹೋದರೆ ಎಷ್ಟು, ನಮ್ಮಿಬ್ಬರ ಆಯುಸ್ಸು ಎಷ್ಟು, ಕಾರಿನದೆಷ್ಟು ಎಂದು ವಾಯಿದೆಯ ಮೇಲೆ ವಾಯಿದೆ ಕೊಟ್ಟರು. ಕೊನೆಗೆ ಮದ್ರಾಸಿನದೇ ತರಿಸುವುದೆಂದು ನಿಶ್ಚಯವಾಗಿ, ಹಣವನ್ನು ಕೋಟಿನ ಒಳಜೇಬಿಗೆ ಹಾಕಿಕೊಂಡು, ನನ್ನನ್ನೂ ಕೂರಿಸಿಕೊಂಡು ಚಳ್ಳಕೆರೆಗೆ ಹೊರಟರು. ಆ ದಿನ ದಾರಿಯುದ್ದಕ್ಕೂ ಒಂದೊಂದು ಗುಂಡಿಗೂ ನಾನು ಮನಸ್ಸಿನಲ್ಲೇ ಗುಡ್‌ಬೈ ಹೇಳಿದೆ.

ಚಳ್ಳಕೆರೆ ಹತ್ತಿರವಾದಾಗ ಮುನ್ಸೀಫರೊಳಗಿನ ಮುನ್ಸೀಫ ಎದ್ದ. "ನೋಡು, ಒಂದು ಸಾಕ್ಷಿ ಬಾಕಿಯಿದೆ. ಯಾವ ಕಡೆ ಭಾರ ಹೆಚ್ಚು ಅನ್ನೋದು ರುಜುವಾತಾಗಿಲ್ಲ. ಗೊತ್ತಿಲ್ಲದೆ ಹೊಸ ಕಮಾನು ಹಾಕಿಸಿದರೆ ಅದೂ ಹಾಗೇ ಕೂರುತ್ತೆ."

"ಏನೂಂದ್ರೆ, ಈಗೇನು ನನ್ನನ್ನು ತೂಗಿಸ್ತೀರಾ?" ಎಂದೆ, ತಮಾಷೆಗೆ.

ಅವರು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಕಂಬಳಿ ಸಂತೆಯ ಬದಿಯಲ್ಲಿ ಉಣ್ಣೆಯ ಮಂಡಿ ರುದ್ರಪ್ಪನದು, ಪರಿಚಯದವನು. ಅವನ ಅಂಗಳದಲ್ಲಿ ಮೂರು ಕಂಬದಿಂದ ತೂಗಿಬಿಟ್ಟ ಆಳೆತ್ತರದ ತಕ್ಕಡಿ ಇತ್ತು. ತೂಕದ ದೊಡ್ಡ ಕಲ್ಲುಗಳು ಬೇರೆ ಮಂಡಿಗೆ ಹೋಗಿದ್ದವಂತೆ. "ಒಂದೇ ತೂಕದ ಕಂಬಳಿ ಅದಾವೆ, ಅವನ್ನೇ ಇಟ್ಟು ನೋಡಾಣ ಬಿಡ್ರಿ" ಎಂದ ರುದ್ರಪ್ಪ. ಯಾರೂ ನೋಡುವುದಿಲ್ಲ ಎಂದು ಯಜಮಾನರು ಭರವಸೆ ಕೊಟ್ಟರು. ಮೊಳಕಾಲ್ಮುರಿನ ಜರಿ ಸೀರೆಯುಟ್ಟು, ಕೊಡೆ ಹಿಡಿದು, ಬೆನ್ನು ನೆಟ್ಟಗೆ ಮಾಡಿ ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಎದುರಿನ ತಟ್ಟೆಗೆ ಕಂಬಳಿಗಳು ಏರತೊಡಗಿದವು.

ಮೊದಲು ಬಂದವಳು ಕಂಬಳಿ ಮಾರುತ್ತಿದ್ದ ಒಬ್ಬ ಅಜ್ಜಿ. ನನ್ನನ್ನು ನೋಡಿದವಳೇ ಸೆರಗು ಹೊದ್ದು ಕೈ ಮುಗಿದಳು. "ಯಾವ ದೇವ್ರಿಗೆ ಹರಕೆ ತಾಯಿ?"

ನಾನು ಉತ್ತರ ಹುಡುಕುವುದರೊಳಗೆ ಸಂತೆಯ ಅರ್ಧ ಜನ ಅಂಗಳದಲ್ಲಿತ್ತು. ತಕ್ಕಡಿಯಲ್ಲಿ ಕೂತ ಮುತ್ತೈದೆಯೆಂದರೆ ತುಲಾಭಾರ, ಬೇರೆ ಅರ್ಥವೇ ಅವರಿಗೆ ತಿಳಿಯದು. ಯಾರೋ ಹಣೆಗೆ ಕುಂಕುಮವಿಟ್ಟರು. ಯಾರೋ ಕಾಯಿ ಒಡೆದರು. ಹೆಂಗಸರು ಸೋಬಾನೆ ಎತ್ತಿದರು.

"ಇದು ಹರಕೆಯಲ್ಲ ಕಣಮ್ಮ, ಮೋಟಾರಿನ ಕಮಾನಿನ ವಿಚಾರ!" ಎಂದು ಯಜಮಾನರು ಕೋರ್ಟಿನ ದನಿಯಲ್ಲಿ ಕೂಗಿದರು.

"ಮೋಟಾರ್ ಚೆನ್ನಾಗಿರ್ಲಿ ಅಂತ ಹರಕೇನಂತೆ!" ಎಂದು ಅಜ್ಜಿ ಹಿಂದಿನವರಿಗೆ ತಿಳಿಸಿದಳು.

ತಕ್ಕಡಿ ಸಮವಾಯಿತು. ನಾನು ಇಳಿದೆ. ಕಂಬಳಿಗಳನ್ನು ವಾಪಸು ಇಡಲು ರುದ್ರಪ್ಪ ಕೈಹಾಕಿದ್ದೇ ತಡ, ಅಜ್ಜಿ ಅವನ ಮುಂಗೈಗೆ ಒಂದೇಟು ಕೊಟ್ಟಳು. "ಲೇ ರುದ್ರಾ, ತೂಗಿದ್ದು ದೇವ್ರುದು ಕಣಲೇ! ತಿರುಗಿ ಮಾರಿಕೊಂತೀಯಾ? ಬಾಯಿಗೆ ಹುಳ ಬೀಳ್ತಾವೆ!" ರುದ್ರಪ್ಪ ಧರ್ಮಭೀರು, ವ್ಯಾಪಾರಿಯೂ ಹೌದು. ಎರಡೂ ಕಾರಣಕ್ಕೆ ಅವನು ಕೈ ಹಿಂತೆಗೆದುಕೊಂಡು ನಮ್ಮ ಯಜಮಾನರ ಕೋಟಿನತ್ತ ನೋಡಿದ.

ಅಷ್ಟಕ್ಕೇ ಮುಗಿಯಲಿಲ್ಲ. "ಅಮ್ಮಾರೊಬ್ರೇ ಆದ್ರೆ ಫಲ ಅರ್ಧ. ಯಜಮಾನ್ರೂ ಏರ್ಲಿ" ಎಂದಿತು ಜನ. ಅಧಿಕಾರದಲ್ಲಿದ್ದಾಗ ಯಾರ ಒತ್ತಡಕ್ಕೂ ಬಗ್ಗದವರು ಪೇಟ ಸರಿಮಾಡಿಕೊಂಡು ಏರಿದರು. ತಟ್ಟೆ ದಢಕ್ಕನೆ ನೆಲಕ್ಕೆ ಇಳಿಯಿತು. ನನಗೆ ಇಟ್ಟಷ್ಟೂ ಕಂಬಳಿ ಇಟ್ಟರು, ಏಳಲಿಲ್ಲ. ಇನ್ನಷ್ಟು ಪೇರಿಸಿದರು, ಮತ್ತೂ ಪೇರಿಸಿದ ಮೇಲೆ ಯಜಮಾನರು ನಿಧಾನವಾಗಿ ಮೇಲೆದ್ದರು. ನನ್ನ ಕಡೆ ನೋಡಲಿಲ್ಲ. ನಾನು ಕೊಡೆಯ ಮರೆಯಲ್ಲಿ ನಕ್ಕಷ್ಟು ಕಾನ್ವೆಂಟಿನಲ್ಲಿಯೂ ನಕ್ಕಿರಲಿಲ್ಲ.

ಮದ್ರಾಸಿನ ಕಮಾನಿನ ಹಣ ಹೀಗೆ ಕಂಬಳಿಯಾಯಿತು. ಊರಾಚೆಯ ಮಂಟಪದಲ್ಲಿ ಚಳಿಗಾಲ ಕಳೆಯುವ ಕುರಿಗಾಹಿಗಳಿಗೆ, ದಾರಿಹೋಕರಿಗೆ ಹಂಚಿದೆವು. ಅಜ್ಜಿಯೂ ಒಂದು ಹೊದ್ದುಕೊಂಡಳು, ಅದು ಬೆಳಿಗ್ಗೆ ಅವಳೇ ರುದ್ರಪ್ಪನಿಗೆ ಮಾರಿದ್ದಂತೆ. ಸುದ್ದಿ ಕೇಳಿದ ಮೌಲಾಸಾಬ್ "ಬಡಿದಾದ್ರೂ ಕೊಡ್ತೀನಿ, ದುಡ್ಡು ಆಮ್ಯಾಕೆ ಕೊಡ್ರಿ" ಎಂದ.

"ಈ ವರ್ಷ ಬೇಡ" ಎಂದರು ಯಜಮಾನರು, ಸ್ವಲ್ಪ ಬೇಗ.

"ಹೌದು ಹೌದು, ವೇಸ್ಟ್ ಆಫ್ ಮನಿ" ಎಂದೆ, ಅದಕ್ಕಿಂತ ಬೇಗ.

ವಾಪಸು ಬರುವಾಗ ತಳಕಿನ ತನಕ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಭಾರ ಅವರದು, ಅವರು ಕೂರುವುದು ಬಲಕ್ಕೆ. ಕೂತದ್ದು ಮಾತ್ರ ಎಡಗಡೆಯ ಕಮಾನು. ಅಂದರೆ ಕಮಾನು ಕೂತದ್ದರಿಂದ ಅವರು ನನ್ನ ಕಡೆ ಜಾರಿದರೋ, ಅವರು ಮೊದಲಿನಿಂದಲೂ ಇತ್ತ ಸರಿದು ಕೂರುತ್ತಿದ್ದುದರಿಂದ ಕಮಾನು ಕೂತಿತೋ? ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು "ಪಾರ್ಡನ್ ಮಿ" ಎಂದು ಭುಜಕ್ಕೆ ಒರಗಿದರು. ಬಗ್ಗಿ ನೋಡಿದೆ. ಅಲ್ಲಿ ಗುಂಡಿಯೇ ಇರಲಿಲ್ಲ.

ಕೇಸನ್ನು ನಾನು ಅಲ್ಲಿಗೇ ವಜಾ ಮಾಡಿದೆ. ಈಗ ಕಾರು ಹೊರಡುವಾಗ ನೀರಿನ ಡಬ್ಬ, ಬುತ್ತಿಯ ಗಂಟು, ಹಿತ್ತಾಳೆಯ ಚೊಂಬು ಎಲ್ಲವನ್ನೂ ನನ್ನ ಕಾಲಬುಡದಲ್ಲೇ ಇಡಿಸಿಕೊಳ್ಳುತ್ತೇನೆ. "ಆ ಕಡೇಕ್ ಒಂದಿಷ್ಟು ಇಡ್ರಮ್ಮಾ, ಪಾಪ ವಾಲ್ತೈತೆ" ಎಂದು ನಾಗಲಕ್ಷ್ಮಮ್ಮ ಕಿಟಕಿಯಿಂದ ಕೂಗುತ್ತಾಳೆ. ನನಗೆ ಕೇಳಿಸುವುದಿಲ್ಲ. ಸಿಸ್ಟರ್ ಆಗ್ನೆಸ್ ಎಲ್ಲಿದ್ದರೂ ಬೆತ್ತವೆತ್ತುವ ಅಗತ್ಯವಿಲ್ಲ. ನಾನು ಇವತ್ತಿಗೂ ನೆಟ್ಟಗೇ ಕೂತಿದ್ದೇನೆ ಸಿಸ್ಟರ್, ವಾಲಿರುವುದು ಕಾರು.