ಲಗ್ನಪತ್ರಿಕೆಯ ದಿನ ಎಲೆಯಲ್ಲಿ ಮಡಚಿಟ್ಟ ಹಲ್ಲು

ಮೊಮ್ಮಕ್ಕಳ ಮುಂದೆ ಕಬ್ಬು ಸಿಗಿದು ತೋರಿಸಲು ಹೋಗಿ ನನ್ನ ಮೇಲಿನ ಮುಂದಿನ ಹಲ್ಲು ಮುರಿದದ್ದು ಸಂಕ್ರಾಂತಿಯ ದಿನ. ಗಾಬರಿಪಡುವಂಥದ್ದೇನಿಲ್ಲ ಎಂದು ಹತ್ತು ನಿಮಿಷದಲ್ಲಿ ತೀರ್ಮಾನಿಸಿದೆ. ಮೂವತ್ತು ವರ್ಷ ಒಂದು ಪತ್ರಿಕೆಯ ಸುದ್ದಿಮನೆಯಲ್ಲಿ ಕೂತು ಊರಿನವರ ತಪ್ಪನ್ನೆಲ್ಲ ತಿದ್ದಿದವನು ನಾನು. ಒಂದು ಹಲ್ಲು ತಿದ್ದಿಸುವುದು ಯಾವ ಮಹಾ ಕೆಲಸ!

ಗಡುವು ಮಾತ್ರ ಹತ್ತಿರವಿತ್ತು. ಮೂರು ವಾರಕ್ಕೆ ಸರಿಯಾಗಿ ಚಿಕ್ಕಜಾಲದಲ್ಲಿ ಅಕ್ಕನ ಮಗಳು ಭವ್ಯಳ ಲಗ್ನಪತ್ರಿಕೆ ಶಾಸ್ತ್ರ. ಪುರೋಹಿತರು ಬರೆದ ಪತ್ರಿಕೆಯನ್ನು ಎರಡೂ ಕಡೆಯವರ ಮುಂದೆ ನಿಂತು ಓದುವುದು ನಮ್ಮ ಮನೆಯಲ್ಲಿ ಸೋದರಮಾವನ ಕೆಲಸ. ಆದರೆ ಹಲ್ಲು ಹೋದಂದಿನಿಂದ ನನ್ನ ಬಾಯಲ್ಲಿ ‘ಸ’, ‘ಶ’ ಬಂದರೆ ಹಿಂದೆಯೇ ಒಂದು ಸಿಳ್ಳೆಯೂ ಬರುತ್ತಿತ್ತು. ಹುಡುಗನ ಹೆಸರು ಸತೀಶ!

ಹೆಂಡತಿ ಲಲಿತಳನ್ನು ಕರೆದುಕೊಂಡು ಅಲ್ಲಾಳಸಂದ್ರದ ನಮ್ಮ ಮನೆಯಿಂದ ಯಲಹಂಕದ ದಂತವೈದ್ಯೆಯ ಬಳಿ ಹೋದೆ. ಸುದ್ದಿಮನೆಯ ಶಿಸ್ತಿನಂತೆ ಹನ್ನೆರಡು ಪ್ರಶ್ನೆ ಬರೆದುಕೊಂಡಿದ್ದೆ. ಆಕೆಯೇ ಮೊದಲು ಕೇಳಿದರು.

“ಶುಗರ್ ಇದ್ಯಾ ಸರ್?”

“ಇದೆ, ಸ್ವಲ್ಪ.”

“ಸ್ವಲ್ಪ ಅಂದ್ರೆ?”

“ಬರ್ಕೊಳ್ಳಿ ಡಾಕ್ಟ್ರೇ,” ಎಂದಳು ಲಲಿತ. “ನಿನ್ನೆ ನನಗೆ ಕಾಣದ ಹಾಗೆ ಎರಡು ಒಬ್ಬಟ್ಟು ತಿಂದಿದ್ದಾರೆ.”

“ಮೂರು,” ಎಂದೆ. ವರದಿಯಲ್ಲಿ ಅಂಕಿ ತಪ್ಪಬಾರದು.

ರಕ್ತ ಪರೀಕ್ಷೆಯಾಯಿತು, ದವಡೆಯ ಸ್ಕ್ಯಾನ್ ಆಯಿತು. ಮುರಿದ ಬೇರು ತೆಗೆದು, ಮೂಳೆಯೊಳಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಹೊಸ ಹಲ್ಲು ನಿಲ್ಲಿಸುತ್ತೇವೆ ಎಂದರು. ಗೋಡೆಗೆ ಕ್ಯಾಲೆಂಡರ್ ಹಾಕುವ ಕೆಲಸವೇ ಅಲ್ಲವೇ! ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು, ಕೊರೆದರು, ತಿರುಗಿಸಿದರು, ಹೊಲಿದರು. ನೋವೇ ಆಗಲಿಲ್ಲ. ಎದ್ದು ಕೂತು ಕೇಳಿದೆ: “ಹಲ್ಲು ಸಂಜೆಗೆ ಸಿಗುತ್ತಾ, ನಾಳೆ ಬರ್ಲಾ?”

“ನಾಲ್ಕು ತಿಂಗಳಾಗುತ್ತೆ ಸರ್.”

“ಯಾವುದು ನಾಲ್ಕು ತಿಂಗಳು?”

“ಸ್ಕ್ರೂ ಸುತ್ತ ಮೂಳೆ ಬೆಳೆದು ಹಿಡ್ಕೋಬೇಕಲ್ವಾ? ಕೆಲವರಿಗೆ ಬೇಗ ಹಾಕ್ತೀವಿ. ನಿಮ್ಮ ಮೂಳೆ ತೆಳು, ಜೊತೆಗೆ ಶುಗರ್ ಬೇರೆ. ಮೊದಲೇ ಕೇಳಿದ್ರೆ ಹೇಳ್ತಿದ್ದೆನಲ್ಲ.”

ನನ್ನ ಹನ್ನೆರಡು ಪ್ರಶ್ನೆಗಳನ್ನು ಮತ್ತೊಮ್ಮೆ ಓದಿದೆ. ಸ್ಕ್ರೂ ಯಾವ ಲೋಹದ್ದು ಎಂಬುದಿತ್ತು. ಎಷ್ಟು ದಿನ ಎಂಬುದು ಇರಲಿಲ್ಲ!

ನನ್ನ ಮುಖ ನೋಡಿ ಮರುಕ ಹುಟ್ಟಿರಬೇಕು, ಹಾಕಿ ತೆಗೆಯುವ ತಾತ್ಕಾಲಿಕ ಹಲ್ಲೊಂದನ್ನು ಮಾಡಿಸಿಕೊಟ್ಟರು. ಅಂಗುಳಕ್ಕೆ ಅಂಟುವ ಗುಲಾಬಿ ತಟ್ಟೆ, ಅದರ ತುದಿಯಲ್ಲಿ ಒಂಟಿ ಹಲ್ಲು. “ಊಟಕ್ಕೆ ಮುಂಚೆ ತೆಗೆದು ಡಬ್ಬಿಗೆ ಹಾಕಿ. ಡಬ್ಬಿಗೇ ಹಾಕಿ, ಬೇರೆ ಎಲ್ಲೂ ಇಡಬೇಡಿ,” ಎಂದು ಎರಡು ಸಲ ಹೇಳಿದರು. ಎರಡು ಸಲವೂ ಬರೆದುಕೊಂಡೆ.

ಶಾಸ್ತ್ರದ ದಿನ ಹಲ್ಲು ಧರಿಸಿ ಚಿಕ್ಕಜಾಲ ತಲುಪಿದೆ. ಡಬ್ಬಿ ಮನೆಯಲ್ಲಿ ಉಳಿಯಿತು.

ಪತ್ರಿಕೆ ಓದಿದ ಮೇಲೆ ಊಟ ಎಂದು ನಿಶ್ಚಯವಾಗಿತ್ತು. ಆದರೆ ಗಂಡಿನವರು ಯಶವಂತಪುರದಿಂದ ಬರಬೇಕು. ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಕೊಂಡಿದ್ದೇವೆ ಎಂದು ಹನ್ನೆರಡಕ್ಕೆ ಫೋನ್ ಮಾಡಿದರು. ಒಂದಕ್ಕೆ ಮಾಡಿದಾಗಲೂ ಅಲ್ಲೇ ಇದ್ದರು. “ಮಕ್ಳು ಅಸ್ಕೊಂಡವೆ. ನಮ್ಮೋರದು ಒಂದು ಪಂಕ್ತಿ ಆಗ್ಬುಡ್ಲಿ,” ಎಂದು ಭಾವ ಮುನಿರಾಜು ಎಲೆ ಹಾಕಿಸಿದ.

ಮುದ್ದೆ, ಅವರೆಕಾಳು ಸಾರು. ಆಜ್ಞೆಯಂತೆ ಹಲ್ಲು ತೆಗೆದೆ. ಡಬ್ಬಿ ಇಲ್ಲವಾದ್ದರಿಂದ ಟಿಶ್ಯೂ ಕಾಗದದಲ್ಲಿ ಸುತ್ತಿ ಎಲೆಯ ತುದಿಯಲ್ಲಿ, ಉಪ್ಪಿನ ಪಕ್ಕ ಇಟ್ಟೆ. ಸೊಗಸಾಗಿ ಉಂಡೆ. ಉಂಡ ಮೇಲೆ, ಹಿರಿಯರು ಕಲಿಸಿದ ಮರ್ಯಾದೆಯಂತೆ ಎಲೆಯನ್ನು ನನ್ನ ಕಡೆಗೆ ನೀಟಾಗಿ ಮಡಚಿ ಎದ್ದೆ.

ಕೈ ತೊಳೆದು ಜೇಬು ಮುಟ್ಟಿದೆ. ಹಲ್ಲಿಲ್ಲ. ಬಾಯಿ ಮುಟ್ಟಿದೆ. ಅಲ್ಲೂ ಇಲ್ಲ!

“ಲಲಿತಾ, ನಾನು ಊಟಕ್ಕೆ ಮುಂಚೆ ಹಲ್ಲು ತೆಗೆದ್ನಾ?”

“ನಿಮ್ಮ ಬಾಯಿ ವಿಚಾರ ನನ್ನ ಕೇಳ್ತೀರಲ್ರೀ!”

“ನುಂಗವ್ನೆ ಬಿಡಮ್ಮ,” ಎಂದ ಭಾವ, ಪ್ರತ್ಯಕ್ಷ ಕಂಡವನಂತೆ. “ಮುದ್ದೆನ ಯಾರಾದ್ರೂ ಅಗಿತಾರಾ? ಇಂಗೆ ಬಾಯಿಗ್ ಹಾಕಿ ಅಂಗೇ ನುಂಗೋದು. ಅದ್ರ ಜೊತೆ ಇಳ್ದೋಗದೆ.”

ತೆಗೆದ ನೆನಪಿತ್ತು. ತೆಗೆಯಬೇಕು ಎಂದುಕೊಂಡ ನೆನಪೂ ಇತ್ತು. ಇವೆರಡರಲ್ಲಿ ಯಾವುದು ನಡೆದ ಘಟನೆ? ಡಾಕ್ಟರಿಗೆ ಫೋನ್ ಮಾಡಿದೆ. “ಕೆಮ್ಮು, ಉಸಿರಾಟದ ತೊಂದರೆ ಇದ್ಯಾ? ಇದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇಲ್ದಿದ್ರೂ ಇವತ್ತೇ ಎಕ್ಸ್‌ರೇ ಮಾಡಿಸಿ. ಡಬ್ಬಿ ಎಲ್ಲಿ ಸರ್?” ಎಂದರು. ಕೊನೆಯ ಪ್ರಶ್ನೆಗೆ ಪ್ರತಿಕ್ರಿಯೆ ನೀಡಲು ನಾನು ನಿರಾಕರಿಸಿದೆ.

ಅಷ್ಟರಲ್ಲಿ ಲಲಿತಳಿಗೆ ಹೊಳೆಯಿತು. “ಎಲೆ ಮೇಲೆ ಟಿಶ್ಯೂ ಉಂಡೆ ಇತ್ತಲ್ರೀ?”

ಹಿತ್ತಿಲಿಗೆ ಓಡಿದೆವು. ನಲವತ್ತು ಎಲೆಗಳು, ಎಲ್ಲವೂ ಒಂದೇ ಮರ್ಯಾದೆಯಿಂದ ಮಡಚಿದವು! ಅಕ್ಕನ ಹಸು ಆಗಲೇ ಊಟಕ್ಕೆ ಶುರುವಿಟ್ಟಿತ್ತು. ಭಾವ ಪಂಚೆ ಎತ್ತಿಕಟ್ಟಿ, ನಾನು ರೇಷ್ಮೆ ಶರ್ಟಿನ ತೋಳು ಮಡಚಿ ಎಲೆಗಳನ್ನು ಒಂದೊಂದಾಗಿ ಬಿಚ್ಚುತ್ತಿರುವಾಗ ಗಂಡಿನವರು ಬಂದಿಳಿದರು. ಹುಡುಗನ ಅಜ್ಜಿ ಸೀದಾ ಹಿತ್ತಿಲಿಗೇ ಬಂದು ನಿಂತರು.

“ಯಾರಪ್ಪ ಇವ್ರು, ಎಂಜಲೆಲೆ ಕೆದಕ್ತಾವ್ರೆ?”

“ಹೆಣ್ಣಿನ ಸೋದರಮಾವ,” ಎಂದ ಭಾವ.

ಹಲ್ಲು ಸಿಗಲಿಲ್ಲ. ರಾಹುಕಾಲಕ್ಕೆ ಹದಿನೈದು ನಿಮಿಷವಿತ್ತು. ಪತ್ರಿಕೆ ಕೈಗೆ ಬಂತು. ನೂರು ಜನ ನನ್ನನ್ನೇ ನೋಡುತ್ತಿದ್ದರು. ಆಗ ಮೂವತ್ತು ವರ್ಷದ ಅನುಭವ ನೆರವಿಗೆ ಬಂತು. ‘ಸ’, ‘ಶ’ ಬಂದಲ್ಲೆಲ್ಲ ನಿಂತಲ್ಲೇ ತಿದ್ದಿ ಓದತೊಡಗಿದೆ! ಆರಂಭದ ‘ಸ್ವಸ್ತಿಶ್ರೀ’ಗೆ ಕತ್ತರಿ ಬಿತ್ತು. ‘ಸೋಮವಾರ’ ಎಂಬುದು ‘ಭಾನುವಾರದ ಮಾರನೇ ದಿನ’ವಾಯಿತು. ‘ಸಕುಟುಂಬ ಸಮೇತರಾಗಿ’ ಎಂಬುದು ‘ಮನೆಮಂದಿಯೆಲ್ಲ ಕೂಡಿ’ ಎಂದಾಯಿತು. ಹುಡುಗನ ಹೆಸರು ಬಂದ ಕಡೆಯೆಲ್ಲ ‘ಮೇಲ್ಕಂಡ ವರ’ ಎಂದೆ. ಒಂದೇ ಒಂದು ಸಿಳ್ಳೆಯಿಲ್ಲದೆ ಓದಿ ಮುಗಿಸಿದೆ. ಇಂಥ ಸಂಪಾದನೆ ನನ್ನ ವೃತ್ತಿಜೀವನದಲ್ಲೇ ನಡೆದಿರಲಿಲ್ಲ.

ಮಂಗಳವಾದ್ಯದವರು ಉಸಿರೆಳೆದುಕೊಂಡರು. ಆಗ ಅಜ್ಜಿ ಕೈ ಎತ್ತಿದರು.

“ತಡೀರಪ್ಪ. ಎಲ್ಲಾ ಓದುದ್ರಿ, ಹುಡುಗನ ಹೆಸ್ರೇ ಬರ್ಲಿಲ್ವಲ್ಲ? ಹೆಣ್ಣನ್ನ ಯಾರಿಗ್ ಕೊಡ್ತಿದ್ದೀರಾ?”

ಯಾರು, ಏನು, ಎಲ್ಲಿ, ಯಾವಾಗ ಎಂದು ಎಷ್ಟೋ ಹುಡುಗರಿಗೆ ಪಾಠ ಹೇಳಿದ ನಾನು ಮೊದಲನೆಯದನ್ನೇ ಬಿಟ್ಟಿದ್ದೆ. ಬೇರೆ ದಾರಿಯಿರಲಿಲ್ಲ.

“ಸತೀಶ!” ಎಂದೆ.

ಎರಡು ಸಿಳ್ಳೆ, ಒಂದು ಚಿಕ್ಕದು, ಒಂದು ಉದ್ದ. ಬೀದಿಯ ನಾಯಿ ಬಾಗಿಲಿಗೆ ಬಂದು ನಿಂತಿತು. ಭವ್ಯ ತಲೆ ತಗ್ಗಿಸಿದಳು. ನಾಚಿಕೆ ಎಂದು ಎಲ್ಲರೂ ತಿಳಿದರು. ಹೆಗಲು ಕುಲುಕುತ್ತಿದ್ದುದು ನನಗೆ ಮಾತ್ರ ಕಂಡಿತು.

ಸಂಜೆ ತೆಗೆಸಿದ ಎಕ್ಸ್‌ರೇಯಲ್ಲಿ ನಾನು ನಿರಪರಾಧಿ ಎಂದು ಸಾಬೀತಾಯಿತು. ಹಸುವನ್ನು ಇನ್ನೂ ವಿಚಾರಿಸಿಲ್ಲ.

ಮದುವೆ ಮುಗಿದ ಹದಿನೈದನೇ ದಿನಕ್ಕೆ ನನ್ನ ಕಾಯಂ ಹಲ್ಲು ಬಂತು. ಗಟ್ಟಿಯಾಗಿದೆ, ನೋವಿಲ್ಲ, ಸಿಳ್ಳೆಯಂತೂ ಇಲ್ಲವೇ ಇಲ್ಲ. ಅದನ್ನು ತೋರಿಸಿಯೇ ಬರೋಣವೆಂದು ಯಶವಂತಪುರಕ್ಕೆ ಹೋಗಿ, ಬಾಗಿಲಲ್ಲಿ ನಿಂತು “ಸತೀಶ ಇದ್ದಾನಾ?” ಎಂದು ಸ್ಪಷ್ಟವಾಗಿ ಕೇಳಿದೆ. ಒಳಗಿನಿಂದ ಯಾರೂ ಬರಲಿಲ್ಲ.

ಅಜ್ಜಿ ಅಡುಗೆಮನೆಯಿಂದ ಇಣುಕಿ, “ಇಂಗೆ ಕರುದ್ರೆ ಈಗ ಬರಾಕಿಲ್ಲ ಕಣಪ್ಪ ಅವ್ನು,” ಎಂದು ಎರಡು ಸಿಳ್ಳೆ ಹಾಕಿದರು. ಒಂದು ಚಿಕ್ಕದು, ಒಂದು ಉದ್ದ.

ಸತೀಶ ಮಹಡಿಯಿಂದ ಓಡಿಬಂದ.