ಪಂಚನಹಳ್ಳಿಯ ಸೊನ್ನೆ

ಏನೂ ಇಲ್ಲದ್ದನ್ನು ನನ್ನ ಸೋದರಮಾವನಷ್ಟು ಶ್ರದ್ಧೆಯಿಂದ ಹಂಚುವವರನ್ನು ನಾನು ನೋಡಿಲ್ಲ!

ಕಾಲೇಜಿನ ಪ್ರಯೋಗಾಲಯದ ಕೆಲಸದಿಂದ ನಿವೃತ್ತರಾದ ಮೇಲೆ ಮಾವ ಪಂಚನಹಳ್ಳಿಯ ಮನೆಯ ಹಿತ್ತಿಲಲ್ಲಿ ಮಳೆಮಾಪಕವೊಂದನ್ನು ನೆಟ್ಟರು. ಇದೇ ಹುಚ್ಚಿನ ಮೂವತ್ತು ಜನರನ್ನು ಹುಡುಕಿ ಮೇಲಿಂಗ್ ಲಿಸ್ಟ್ ಮಾಡಿದರು. ಒಬ್ಬರು ಬರೆದ ಇಮೇಲ್ ಎಲ್ಲರಿಗೂ ಹೋಗುತ್ತದೆ. ಬೆಳಿಗ್ಗೆ ಎಂಟೂವರೆಗೆ ಲಕ್ಕವಳ್ಳಿಯಿಂದ ‘ನಲವತ್ತೆರಡು ಮಿಲಿಮೀಟರ್’, ತರೀಕೆರೆಯಿಂದ ‘ಮೂವತ್ತು’. ಮಾವನಿಂದ ‘ಪಂಚನಹಳ್ಳಿ: ಸೊನ್ನೆ’.

“ಸೊನ್ನೆ ಕಳ್ಸೋಕೆ ಸ್ನಾನ ಬೇರೆ ಮಾಡ್ಕಂಡು ಕೂತ್ಕತಾರೆ ಕಣೇ!” ಎನ್ನುವುದು ಅತ್ತೆಯ ದೂರು.

ಒಮ್ಮೆ ಮಾಪಕದಲ್ಲಿ ನಾಲ್ಕು ಹನಿ ಸಿಕ್ಕಿತು. ಮಾವ ಸಂಭ್ರಮದಿಂದ ಮೇಲ್ ಮಾಡಿದರು. ಮೂವತ್ತು ಜನರೂ ಅಭಿನಂದಿಸಿದರು! ಹತ್ತು ನಿಮಿಷಕ್ಕೆ ಇನ್ನೊಂದು ಮೇಲ್ ಹೋಯಿತು: ‘ತಿದ್ದುಪಡಿ. ನಮ್ಮ ಮನೆಯವರು ಒಗೆದ ಸೀರೆ ಕೊಡವಿದ್ದರು. ಸೊನ್ನೆ.’

ಎಂ.ಎಸ್‌ಸಿ. ಓದಿ, ಆಗ ಮಾವನ ಮನೆಯಲ್ಲೇ ಇದ್ದ ನನಗೆ ಈ ಅವ್ಯವಸ್ಥೆ ಸಹಿಸಲಾಗಲಿಲ್ಲ. ಒಂದು ವೆಬ್ ಫೋರಮ್ ಮಾಡಿಕೊಟ್ಟೆ. ಊರಿಗೊಂದು ಪುಟ, ತಿಂಗಳಿಗೊಂದು ಕೋಷ್ಟಕ.

“ಬೇಕಾದವರು ಬಂದು ನೋಡ್ಕೊಳ್ತಾರೆ, ಮಾವ.”

“ಸೊನ್ನೆ ನೋಡೋಕೆ ಯಾವನೇ ಬತ್ತಾನೆ? ನಲವತ್ತೆರಡಾದ್ರೆ ಜನ ಹುಡ್ಕಂಡು ಬತ್ತಾರೆ. ಸೊನ್ನೇನ ನಾವೇ ಮನೆಗೆ ಮುಟ್ಟಿಸ್ಬೇಕು ಕಣೇ.”

ಕೊನೆಗೆ ಒಂದು ತಿಂಗಳು ಎರಡೂ ಇರಲಿ, ಆಮೇಲೆ ಲಿಸ್ಟ್ ಮುಚ್ಚೋಣ ಎಂದು ಒಪ್ಪಿಸಿದೆ. ಮಾವ ಅಂದು ಊಟದಲ್ಲಿ ಎರಡನೇ ಸಲ ಸಾರು ಕೇಳಲಿಲ್ಲ. ಫೋರಮ್‌ನಲ್ಲಿ ಅವರ ಪುಟವನ್ನು ದಿನಕ್ಕೆ ಒಬ್ಬರು ನೋಡುತ್ತಿದ್ದರು. ಆ ಒಬ್ಬರು ಮಾವನೇ ಎಂದು ನಾನು ಹೇಳಲಿಲ್ಲ.

ತಿಂಗಳು ಮುಗಿಯಲು ಮೂರು ದಿನವಿತ್ತು. ಮಾವ ಜ್ವರದಿಂದ ಮಲಗಿದರು. ಎಂಟೂವರೆ ದಾಟಿತು. ಫೋರಮ್ ತನ್ನ ಕೋಷ್ಟಕದಲ್ಲಿ ಖಾಲಿ ಚೌಕ ಬಿಟ್ಟು ಸುಮ್ಮನಿತ್ತು. ಒಂಬತ್ತಕ್ಕೆ ಮಾವನ ಫೋನ್ ಸದ್ದು ಮಾಡತೊಡಗಿತು. ಲಕ್ಕವಳ್ಳಿಯವರು ತಮ್ಮ ಮಳೆಯನ್ನೇ ಮರೆತು ಕೇಳಿದ್ದರು: ‘ಪಂಚನಹಳ್ಳಿ ಸೊನ್ನೆ ಎಲ್ಲಿ?’ ತರೀಕೆರೆಯ ಅಡಿಕೆ ವ್ಯಾಪಾರಿ: ‘ಸಾರ್, ನಿಮ್ ಸೊನ್ನೆ ಬಾರ್ದೆ ನಾನಿನ್ನೂ ಅಂಗಡಿ ಬಾಗ್ಲು ತೆಗ್ದಿಲ್ಲ.’ ಅಜ್ಜಂಪುರದವರು: ‘ಬಸ್ ಹತ್ತಿ ಬರ್ಲಾ?’

ಒಂದೊಂದಾಗಿ ಓದಿ ಹೇಳಿದೆ. ಮಾವ ಕಣ್ಣು ಮುಚ್ಚಿಕೊಂಡೇ ಕೇಳಿದರು: “ಮಾಪಕ ನೋಡಿದ್ಯಾ?”

“ನೋಡ್ದೆ. ಸೊನ್ನೆ. ನೀವು ಆರಾಮಾಗಿದ್ದೀರಿ ಅಂತ ಬರೀಲಾ?”

“ಅಳ್ತೆ ಮಾಡ್ದೆ ಏನೂ ಬರೀಬಾರ್ದು.”

ಥರ್ಮಾಮೀಟರ್ ಇಟ್ಟು ನೋಡಿ, ಮೂವತ್ತೂ ಜನರಿಗೆ ಬರೆದೆ: ‘ಪಂಚನಹಳ್ಳಿ: ಮಳೆ ಸೊನ್ನೆ. ಮಾವನ ಜ್ವರ ನೂರಾ ಒಂದು.’

ಆ ಸಂಜೆ ಫೋರಮ್ ಮುಚ್ಚಿದೆ. ಅದೆಲ್ಲಿ ಹೋಯಿತೆಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಈಗ ನಾನು ಬೇರೆ ಊರಿನಲ್ಲಿದ್ದೇನೆ. ಲಿಸ್ಟ್‌ಗೆ ಮೂವತ್ತೊಂದನೆಯವಳು ನಾನೇ. ಎಂಟೂವರೆಗೆ ಫೋನ್ ಕೈಯಲ್ಲಿ ಹಿಡಿದು ಕೂರುತ್ತೇನೆ. ಸೊನ್ನೆ ಬಂದ ಮೇಲೆಯೇ ನನ್ನ ತಿಂಡಿ.