ಸಂಕಪ್ಪನ ಸಂಕ

ಸಂಕಪ್ಪ ಶೆಟ್ಟಿ ಸೈಕಲ್ ತೆಗೆದುಕೊಳ್ಳದೆ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ. ಅತ್ತಾವರದ ಅವನ ಮನೆಗೂ, ಅವನು ಗುಮಾಸ್ತನಾಗಿದ್ದ ಹಂಪನಕಟ್ಟೆಯ ವಕೀಲರ ಆಫೀಸಿಗೂ ನಡುವೆ ರೈಲುಹಳಿ ಬಿದ್ದುಕೊಂಡಿತ್ತು. ದಾಟುವ ಗೇಟು ಇದ್ದದ್ದು ಅರ್ಧ ಊರು ಸುತ್ತಿದ ಮೇಲೆ. ಹಾಗಾಗಿ ಕೇರಿಯವರೆಲ್ಲ ಹಳಿ ಹಾರಿಯೇ ಪೇಟೆಗೆ ಹೋಗುತ್ತಿದ್ದರು. ಬರಿಗೈಯವರಿಗೆ ಅದೇನೂ ಕಷ್ಟವಲ್ಲ. ಸೈಕಲನ್ನು ಹೆಗಲಿಗೇರಿಸಿ ದಾಟುವ ಸಂಕಪ್ಪ ಮಾತ್ರ ಮದುವೆಮನೆಯಿಂದ ಕಡಾಯಿ ಕದ್ದು ಓಡುವವನ ಹಾಗೆ ಕಾಣುತ್ತಿದ್ದ.

ಹೀಗಿರುವಾಗ ಒಂದು ದಿನ ಸೊಪ್ಪು ಮಾರುವ ದೇಯಿ ರೈಲು ಬರುವ ಹೊತ್ತಿಗೇ ಹಳಿಯ ಮೇಲೆ ಎಡವಿ ಬಿದ್ದಳು. ಸಂಕಪ್ಪ ಸೈಕಲ್ ಬಿಸಾಡಿ ಅವಳನ್ನು ಎಳೆದುಕೊಂಡ. ಇಂಜಿನು ಬುಟ್ಟಿಯನ್ನು ಮಾತ್ರ ಹಪ್ಪಳ ಮಾಡಿ ಹೋಯಿತು. ಇಲ್ಲೊಂದು ಸಂಕ ಆಗಲೇಬೇಕೆಂದು ಸಂಕಪ್ಪ ಅಂದೇ ನಿಶ್ಚಯಿಸಿದ. ಹಳಿಯ ಮೇಲಿನಿಂದ ಹೋಗುವ ಸೇತುವೆ. ನಡೆಯುವವರಿಗೆ ಮೆಟ್ಟಿಲು, ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡು ಹತ್ತುವುದಕ್ಕೆ ಇಳಿಜಾರು. ತಾನೇ ನಕ್ಷೆ ಬರೆದು ರೈಲ್ವೆಗೆ ಅರ್ಜಿ ಹಾಕಿದ. ಬಹಳ ಕಾಲದ ಮೇಲೆ, ಇಂಜಿನಿಯರು ಸ್ಥಳ ನೋಡಲು ಬರುತ್ತಾರೆಂದು ಉತ್ತರ ಬಂತು.

ಆ ಬೆಳಿಗ್ಗೆ ಸಂಕಪ್ಪ ಹಳಿಯ ಬದಿಯಲ್ಲಿ ಚಾದಂಗಡಿ ಇಟ್ಟಿದ್ದ ನೋಣಯ್ಯನಲ್ಲಿಗೆ ಹೋದ.

"ನೋಣಯ್ಯ, ಇವತ್ತು ಇಂಜಿನಿಯರು ಬರ್ತಾರೆ. ಎಷ್ಟು ಜನ ದಾಟ್ತಾರೆ ಅಂತ ನೋಡಿ ಬರ್ಕೊಳ್ತಾರಂತೆ. ದಿನದ ಹಾಗೆ ದಾಟ್ಲಿಕ್ಕೆ ಎಲ್ಲರಿಗೂ ಹೇಳು."

"ಅದು ನನಗೆ ಬಿಡಿ ಶೆಟ್ರೇ," ಎಂದ ನೋಣಯ್ಯ.

ನೋಣಯ್ಯ ಎಲ್ಲರಿಗೂ ಹೇಳಿದ್ದೇನೋ ನಿಜ. ಆದರೆ 'ಬರ್ಕೊಳ್ತಾರೆ' ಎಂಬ ಮಾತು ಚಾದಂಗಡಿಯ ಬೆಂಚು ದಾಟುವಾಗ 'ಹೆಸರು ಬರ್ಕೊಳ್ತಾರೆ' ಎಂದಾಯಿತು. ಬಾವಿಕಟ್ಟೆಗೆ ಮುಟ್ಟುವಾಗ 'ಬರೆದು ಪೊಲೀಸರಿಗೆ ಕೊಡ್ತಾರೆ' ಎಂದಾಯಿತು.

ಇಂಜಿನಿಯರು ಹಳಿಯ ಮೇಲೆ ಓಡುವ ಟ್ರಾಲಿಯಲ್ಲಿ ಬಂದು, ಗೋಳಿಮರದ ಬುಡದಲ್ಲಿ ಕುರ್ಚಿ ಹಾಕಿಸಿ ಕುಳಿತರು. ಮದರಾಸಿನ ಕಡೆಯವರಾದರೂ ಕನ್ನಡ ಕಲಿತಿದ್ದರು. ಸಂಕಪ್ಪ ಪಕ್ಕದಲ್ಲಿ ಕೈಕಟ್ಟಿ ನಿಂತ. ದಿನವೂ ಜಾತ್ರೆಯಂತೆ ಜನ ದಾಟುತ್ತಿದ್ದ ಜಾಗದಲ್ಲಿ ಒಂದು ಕಾಗೆಯೂ ಇರಲಿಲ್ಲ.

ಕೊನೆಗೆ ದೇಯಿ ಬುಟ್ಟಿ ಹೊತ್ತು ಬಂದಳು. ಇಂಜಿನಿಯರ ಹ್ಯಾಟು ಕಂಡದ್ದೇ ಗಕ್ಕನೆ ನಿಂತಳು.

"ಬಾ ದೇಯಿ, ದಾಟು," ಎಂದ ಸಂಕಪ್ಪ.

"ನಾನು ಎಂತಕ್ಕೆ ದಾಟ್ಲಿ? ನಾನು ಯಾವಾಗಲೂ ಗೇಟಿನಲ್ಲೇ ಹೋಗುವುದು. ನನ್ನ ಅಪ್ಪೆ ಕೂಡ ಗೇಟಿನಲ್ಲೇ ಹೋಗ್ತಿದ್ದಳು," ಎಂದು ದೇಯಿ ಬಂದ ದಾರಿಯಲ್ಲೇ ತಿರುಗಿದಳು. ಅವಳ ಅಮ್ಮನ ಕಾಲದಲ್ಲಿ ಊರಿಗೆ ರೈಲೇ ಬಂದಿರಲಿಲ್ಲ.

ಆಮೇಲೆ ಬಾಳೆಕಾಯಿ ವ್ಯಾಪಾರದ ಕಬೀರ್ ಬಂದ. ಸಂಕಪ್ಪ ಇಂಜಿನಿಯರಿಗೆ ಕಾಣದಂತೆ ಅವನಿಗೆ ಕಣ್ಣುಸನ್ನೆ ಮಾಡಿದ. ಕಬೀರ್ ಹತ್ತಿರ ಬಂದು ಅವನ ರೆಪ್ಪೆ ಬಿಡಿಸಿ ಊದಿದ.

"ಕಸ ಎಂತದೂ ಇಲ್ಲ ಶೆಟ್ರೇ," ಎಂದು, ಇಂಜಿನಿಯರಿಗೆ ಸಲಾಂ ಹೊಡೆದು ಅವನೂ ಗೇಟಿನ ದಾರಿ ಹಿಡಿದ.

"ಇಲ್ಲಿ ಜನವೇ ಇಲ್ಲವಲ್ಲ," ಎಂದರು ಇಂಜಿನಿಯರು.

"ಸ್ವಾಮಿ, ಈ ಕಾಲುದಾರಿ ನೋಡಿ. ಹುಲ್ಲು ಸಹ ಬೆಳೆಯುವುದಿಲ್ಲ."

ಚಾ ತಂದ ನೋಣಯ್ಯ ಕೇರಿಯ ಮಾನ ಉಳಿಸುವ ಹೊಣೆ ಹೊತ್ತ. "ಅದು ಆಡುಗಳ ದಾರಿ ಸ್ವಾಮಿ. ನಮ್ಮ ಜನ ಕಾನೂನು ಮೀರುವವರಲ್ಲ."

ಮಾತಿಗೆ ಸಾಕ್ಷಿ ಹೇಳುವಂತೆ ಒಂದು ಆಡು ನಿಧಾನವಾಗಿ ಹಳಿ ದಾಟಿತು.

ಸಂಕಪ್ಪನ ತಾಳ್ಮೆ ಹರಿಯಿತು. ಸೈಕಲನ್ನು ಹೆಗಲಿಗೇರಿಸಿ ತಾನೇ ಹಳಿಗಿಳಿದ. ಸಿಗ್ನಲ್ ತಂತಿಗೆ ಕಾಲು ಸಿಕ್ಕಿತು. ಅವನೂ ಸೈಕಲೂ ಒಟ್ಟಿಗೆ ಬಿದ್ದು, ಮುಂದಿನ ಚಕ್ರ ಹಲಸಿನ ತೊಳೆಯಂತೆ ಸೊಟ್ಟಗಾಯಿತು.

ಇಂಜಿನಿಯರು ಎದ್ದು ನಿಂತರು. "ದಾಟುವವರು ಒಬ್ಬರೇ, ಅದೂ ನೀವೇ. ಒಬ್ಬರಿಗೆ ಸೇತುವೆ ಕಟ್ಟಲಿಕ್ಕೆ ಆಗುವುದಿಲ್ಲ. ಒಬ್ಬರನ್ನು ತಡೆಯುವುದಕ್ಕೆ ಮುಳ್ಳುತಂತಿಯ ಬೇಲಿ ಸಾಕು. ಇನ್ನು ನೀವೂ ಗೇಟಿನಲ್ಲೇ ಹೋಗಿ."

ಅವರು ಟ್ರಾಲಿ ಹತ್ತಿದರು. ಸಂಕಪ್ಪ ಸೊಟ್ಟ ಸೈಕಲನ್ನು ಎಳೆಯುತ್ತಾ ಗೇಟಿನ ಕಡೆ ಹೆಜ್ಜೆ ಹಾಕಿದ. ಮೊಣಕಾಲಿನ ನೋವಿಗಿಂತ, ನಾಳೆ ಬೇಲಿ ಕಂಡಾಗ ಕೇರಿಯವರು ತನ್ನನ್ನು ಎಂತ ಮಾಡಿಯಾರು ಎಂಬ ಯೋಚನೆಯೇ ಅವನಿಗೆ ಹೆಚ್ಚಾಗಿತ್ತು.

ಗೇಟು ಹಾಕಿತ್ತು. ಇಡೀ ಕೇರಿಯೇ ಅಲ್ಲಿ ನಿಂತಿತ್ತು. ದೇಯಿ, ಕಬೀರ್, ಶಾಲೆಗೆ ಹೊರಟ ಬೆನಿಟಾ ಟೀಚರ್, ಹಂಚಿನ ಕಾರ್ಖಾನೆಯ ಹೆಂಗಸರು, ಹಿಂದೆ ಎತ್ತಿನ ಗಾಡಿಗಳು. ಒಬ್ಬರ ಮೈಗೊಬ್ಬರು ಅಂಟಿಕೊಂಡು ಗೇಟನ್ನು ಬಾಗಿಸುವಂತೆ ಒತ್ತುತ್ತಿದ್ದರು. ಟ್ರಾಲಿ ನಿಲ್ಲಿಸಿ ಇಳಿದಿದ್ದ ಇಂಜಿನಿಯರು ಸಂಕಪ್ಪನ ನಕ್ಷೆಯನ್ನು ಬಿಡಿಸಿ ಹಿಡಿದಿದ್ದರು.

"ನೋಡಿದಿರಾ? ಜನ ಇರುವುದು ಇಲ್ಲಿ," ಎಂದರು. "ನಿಮ್ಮ ನಕ್ಷೆ ಚೆನ್ನಾಗಿದೆ. ಮೆಟ್ಟಿಲು, ಸೈಕಲಿನ ಇಳಿಜಾರು, ಎಲ್ಲ ಹಾಗೆಯೇ ಇರಲಿ. ಜಾಗ ಮಾತ್ರ ತಪ್ಪಿತ್ತು. ಈ ಗೇಟನ್ನು ಮುಚ್ಚಿಸಿ ಇಲ್ಲೇ ಸೇತುವೆ ಕಟ್ಟಿಸ್ತೇನೆ."

ಜನರೆಲ್ಲ ತಿರುಗಿ ಸಂಕಪ್ಪನನ್ನು ನೋಡಿದರು. ದೇಯಿ ತಲೆಯ ಬುಟ್ಟಿಯನ್ನು ನೆಲಕ್ಕಿಳಿಸಿದಳು.

"ಎಂತ ಶೆಟ್ರೇ, ಇಷ್ಟು ದೂರ ನಡೆದು ಬಂದವರು ಇನ್ನು ಮೆಟ್ಟಿಲು ಬೇರೆ ಹತ್ಬೇಕಾ? ಈ ಬುದ್ಧಿ ನಿಮಗೆ ಕೊಟ್ಟದ್ದು ಯಾರು?"